ಕೈಗುಣವೋ, ನೆಲಗುಣವೋ?

ಈಚೆಗೆ ಬೆಂಗಳೂರಿನ ಒಂದು ಸಭೆಯಲ್ಲಿ ವಿದ್ವಾಂಸರೊಬ್ಬರು ಅತೀಂದ್ರಿಯ ಶಕ್ತಿಯನ್ನು ಕುರಿತು ಒಂದು ಗಂಟೆಯ ಹೊತ್ತು ಉಪನ್ಯಾಸ ಮಾಡಿದರು. ಸಭೆ ತುಂಬಿತ್ತು, ಕಾಫಿಯೂ ಚೆನ್ನಾಗಿತ್ತು. ಅವರು ಬೂದಿ ಕೊಡುವ ಬಾಬಾಗಳ ವಕೀಲರಲ್ಲ. ಓದಿದವರು, ಮಾತು ಬಲ್ಲವರು. ಅವರ ವಾದದ ತಾತ್ಪರ್ಯ ಇಷ್ಟು: ಇಂಥ ಶಕ್ತಿ ಉಂಟೋ ಇಲ್ಲವೋ ಎಂಬ ಚರ್ಚೆ ಹಳೆಯದಾಯಿತು, ಉಂಟು ಎಂದಿಟ್ಟುಕೊಂಡು, ದೇಹ, ಸಂಸ್ಕಾರ, ಪರಿಸರ ಈ ಮೂರು ಅದನ್ನು ಹೇಗೆ ಬೆಳೆಸುತ್ತವೆ, ಹೇಗೆ ಕುಗ್ಗಿಸುತ್ತವೆ ಎಂಬುದನ್ನು ಈಗ ವಿಚಾರಮಾಡಬೇಕು. ಉದಾಹರಣೆಗೆ ಅವರು ತೆಗೆದುಕೊಂಡದ್ದು ನಮ್ಮ ಹಳ್ಳಿಗಳಲ್ಲಿ ನೀರು ನೋಡುವವರನ್ನು. ಓ ಪಾಸಿಟಿವ್ ರಕ್ತದವರ ಅಂಗೈಯಲ್ಲಿ ತೆಂಗಿನಕಾಯಿ ಬೇಗ ಏಳುತ್ತದಂತೆ. ಕಾಲು ಮುಂದಾಗಿ ಹುಟ್ಟಿದವರಿಗೆ ಬೇವಿನ ಕವಲುಕಡ್ಡಿ ತಾನಾಗಿ ತಿರುಗುತ್ತದಂತೆ. ಚಪ್ಪಲಿ ಹಾಕಿಕೊಂಡರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಮೊಬೈಲಿನ ಗೋಪುರ, ವಿದ್ಯುತ್ ತಂತಿ, ಡಾಂಬರು ರಸ್ತೆ ಇವು ಉಳಿದ ಅರ್ಧವನ್ನು ನುಂಗುತ್ತವೆ. ಆದ್ದರಿಂದಲೇ ಈಗಿನವರಿಗೆ ಹಿಂದಿನವರಷ್ಟು ನೀರು ಸಿಕ್ಕುವುದಿಲ್ಲ.

ಬೇರೆ ಯಾವ ಉದಾಹರಣೆಯನ್ನು ತೆಗೆದುಕೊಂಡಿದ್ದರೂ ನಾನು ಎಲ್ಲರೊಡನೆ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದೆ. ಇದನ್ನು ಮಾತ್ರ ತೆಗೆದುಕೊಳ್ಳಬಾರದಾಗಿತ್ತು. ನನ್ನದು ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿಯ ಪಕ್ಕದ ಒಂದು ಹಳ್ಳಿ. ಬೆಂಗಳೂರಿನ ಓದುಗರಿಗೆ ಮಾಸ್ತಿ ಎಂದರೆ ಒಬ್ಬ ದೊಡ್ಡ ಕತೆಗಾರರ ಹೆಸರು. ಅದೊಂದು ಊರೂ ಹೌದೆಂಬುದು ಅನೇಕರಿಗೆ ನೆನಪಿಲ್ಲ. ಆ ಊರಿನ ಸುತ್ತಮುತ್ತ ಇಬ್ಬರು ಕೂಡಿದರೆ ಆಡುವ ಮಾತು ಕತೆಯದಲ್ಲ, ನೀರಿನದು. ಯಾರ ಹೊಲದಲ್ಲಿ ಲಾರಿ ನಿಂತಿದೆ, ಎಷ್ಟು ಅಡಿ ಹೋಯಿತು, ಎಷ್ಟು ಇಂಚು ಬಂತು, ಪಾಯಿಂಟು ಯಾರದು. ಈ ಕೊನೆಯ ಪ್ರಶ್ನೆಯಲ್ಲಿ ನಮ್ಮ ವಿದ್ವಾಂಸರ ಅತೀಂದ್ರಿಯ ಶಕ್ತಿ ಅಡಗಿದೆ.

ನನ್ನ ತಾತ ತೆಗೆಸಿದ ಬಾವಿ ನಲವತ್ತು ಅಡಿಯದು. ಅದರಲ್ಲಿ ಕಪಿಲೆ ಹೊಡೆದದ್ದನ್ನು ನಾನು ಕಂಡಿದ್ದೇನೆ. ಈಗ ಅದರ ತಳದಲ್ಲಿ ಒಂದು ಅತ್ತಿಯ ಗಿಡ ಬೆಳೆದು ನೆಲದ ಮಟ್ಟಕ್ಕೆ ತಲೆ ಎತ್ತಿದೆ. ಅದರ ಪಕ್ಕದಲ್ಲಿ ನನ್ನ ತಮ್ಮ ಕೊರೆಸಿದ ಮೊದಲ ಕೊಳವೆ ಬಾವಿ ಕೆಲವು ವರ್ಷ ಟೊಮೇಟೊಗೂ ಹಿಪ್ಪುನೇರಳೆಗೂ ನೀರು ಕೊಟ್ಟು ನಿಂತಿತು. ಎರಡನೆಯದಕ್ಕೂ ಮೂರನೆಯದಕ್ಕೂ ಪಾಯಿಂಟು ಮಾಡಿದವರು ಒಬ್ಬರೇ. ಆ ಕಡೆ ಹೆಸರಾದವರು. ಎರಡನೆಯದು 1,150 ಅಡಿ ಹೋಗಿ ಬರಿಯ ಪುಡಿ ಎತ್ತಿತು. ಮೂರನೆಯದನ್ನು ಕೊರೆದ ರಾತ್ರಿ ನಾನೂ ಅಲ್ಲಿದ್ದೆ. ಯಂತ್ರದ ಆರ್ಭಟ, ಬೂದುಬಣ್ಣದ ಕಲ್ಲಿನ ಹುಡಿ ಮೋಡದ ಹಾಗೆ ಎದ್ದು ಮನೆಯ ಹಂಚಿನ ಮೇಲೆ, ಬೇಲಿಯ ಮೇಲೆ, ನಮ್ಮ ಹುಬ್ಬಿನ ಮೇಲೆ ಕೂತಿತು. ಪ್ರತಿ ನೂರು ಅಡಿಗೂ ತಮ್ಮ ಒಂದು ಹಿಡಿ ಹುಡಿಯನ್ನು ಅಂಗೈಯಲ್ಲಿ ಒತ್ತಿ ನೋಡುತ್ತಿದ್ದ, ಒದ್ದೆಯಿದೆಯೇ ಎಂದು. 1,300 ಅಡಿಗೆ ಯಂತ್ರದವನು, 'ಇನ್ನೂ ಬಿಡಲೇ, ನಿಲ್ಲಿಸಲೇ?' ಎಂದು ಕೇಳಿದ. ಅಡಿಗೆ ಇಷ್ಟು ಎಂಬ ಲೆಕ್ಕವಾದ್ದರಿಂದ ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ನಿಲ್ಲಿಸಿದೆವು.

ಮಾರನೆಯ ದಿನ ಪಾಯಿಂಟು ಮಾಡಿದವರು ಬಂದರು. ಇಲ್ಲಿ ಒಂದು ಮಾತು ಹೇಳಬೇಕು: ಅವರು ಮೋಸಗಾರರಲ್ಲ. ಮಾತು ಮೃದು, ತಪ್ಪಿದ ಪಾಯಿಂಟಿನ ಹಣದಲ್ಲಿ ಅರ್ಧವನ್ನು ತಾವಾಗಿ ಹಿಂದಕ್ಕೆ ಕೊಟ್ಟರು. ಆದರೆ ತಮ್ಮ ಕೈ ತಪ್ಪಿತೆಂದು ಮಾತ್ರ ಒಪ್ಪಲಿಲ್ಲ. ನೀರು ಇತ್ತು, ಸರಿಯಿತು ಎಂದರು. ಯಾಕೆ ಸರಿಯಿತು? ಅವರು ಸ್ವಲ್ಪ ಹೊತ್ತು ಯೋಚನೆಮಾಡಿ, 'ಮುಟ್ಟಾದ ಹೆಂಗಸರು ಯಾರಾದರೂ ಹೊಲಕ್ಕೆ ಕಾಲಿಟ್ಟಿದ್ದರೇ?' ಎಂದು ಕೇಳಿದರು. ನನ್ನ ತಮ್ಮನ ಹೆಂಡತಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಆ ಬಾವಿಗಾಗಿ ಅವಳ ಎರಡೆಳೆಯ ಸರ ಅಡವಿಗೆ ಹೋಗಿತ್ತು. ಈಗ ಬಾವಿ ಬತ್ತಿದ ಅಪವಾದವೂ ಅವಳ ಮೇಲೆಯೇ ಬಂತು. ಇಂದಿಗೂ ನನ್ನ ತಾಯಿ ಮಾತಿನ ನಡುವೆ ಅದನ್ನು ತೆಗೆಯುತ್ತಾಳೆ.

ಸಭೆಯಲ್ಲಿ ನಮ್ಮ ವಿದ್ವಾಂಸರು 'ಪರಿಸರದ ಪ್ರತಿಕೂಲ ಪ್ರಭಾವ' ಎಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಹುಡುಗಿ ತಲೆ ತಗ್ಗಿಸಿದ್ದು. ಅವರ ಮಾತಿನಲ್ಲಿ ಅದು ಶಾಸ್ತ್ರ; ನಮ್ಮ ಹೊಲದಲ್ಲಿ ಅದೇ ಮಾತು ಒಬ್ಬ ಹೆಂಗಸಿನ ತಪ್ಪು. ಶಕ್ತಿ ಉಂಟೆಂದು ಮೊದಲು ಒಪ್ಪಿಕೊಂಡುಬಿಟ್ಟರೆ, ಅದು ಸೋತಾಗಲೆಲ್ಲ ಕಾರಣಕ್ಕಾಗಿ ಯಾರನ್ನಾದರೂ ಹುಡುಕಲೇಬೇಕಾಗುತ್ತದೆ. ವಿದ್ಯಾವಂತರು ಗೋಪುರವನ್ನು ಹಿಡಿಯುತ್ತಾರೆ. ಹಳ್ಳಿಯವರು ಮನೆಯ ಸೊಸೆಯನ್ನು ಹಿಡಿಯುತ್ತಾರೆ. ಗೋಪುರಕ್ಕೆ ಅವಮಾನವಿಲ್ಲ.

ಈ ಜಾಡು ನಮ್ಮವರು ಮಾಡಿದ್ದೂ ಅಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಎಂಬವರು 1930ರ ದಶಕದಲ್ಲಿ ಐದು ಗುರುತುಗಳ 25 ಎಲೆಗಳ ಕಟ್ಟನ್ನು ಮುಚ್ಚಿಟ್ಟು, ಯಾವ ಎಲೆ ಯಾವುದೆಂದು ಹೇಳಿಸುವ ಪ್ರಯೋಗ ನಡೆಸಿದರು. ಸುಮ್ಮನೆ ಊಹಿಸಿದರೂ ಸರಾಸರಿ ಐದು ಸರಿಬರಬೇಕು. ಕೆಲವರಿಗೆ ಹೆಚ್ಚು ಬಂತು ಎಂದು ಅವರು ಬರೆದರು; ನಿದ್ರೆಯ ಔಷಧ ಕೊಟ್ಟರೆ ಇಳಿಯಿತು, ಕೆಫೀನ್ ಕೊಟ್ಟರೆ ಏರಿತು ಎಂದೂ ಬರೆದರು. (ಕಾಫಿ ಕುಡಿದರೆ ಅಂತರ್ದೃಷ್ಟಿ ಹೆಚ್ಚುವುದಾದರೆ ನಮ್ಮ ಗಾಂಧಿಬಜಾರಿನಲ್ಲಿ ತ್ರಿಕಾಲಜ್ಞಾನಿಗಳ ನೂಕುನುಗ್ಗಲಾಗಬೇಕಾಗಿತ್ತು.) ಆಮೇಲೆ ಬಂದವರು, ನಂಬುವವರಿಗೆ ಎಲೆಗಳು ಹೆಚ್ಚು ಸರಿಬರುತ್ತವೆ, ಸಂದೇಹಪಡುವವರಿಗೆ ಕಡಿಮೆ ಬರುತ್ತವೆ ಎಂದರು. ಇದರ ಅನುಕೂಲವನ್ನು ವಾಚಕರು ಗಮನಿಸಬೇಕು. ಪರೀಕ್ಷೆಮಾಡಿದವನಿಗೆ ಏನೂ ಕಾಣದಿದ್ದರೆ ಅದು ಅವನ ಅಪನಂಬಿಕೆಯ ಫಲ. ಗೆದ್ದರೆ ಶಕ್ತಿ, ಸೋತರೆ ಪರಿಸರ. ಇಂಥ ಲೆಕ್ಕದ ಪುಸ್ತಕ ಇಟ್ಟುಕೊಂಡು ಯಾವ ಅಂಗಡಿಯವನೂ ವ್ಯಾಪಾರ ಮಾಡಲಾರ.

ಹಾಗಾದರೆ ತೆಂಗಿನಕಾಯಿ ಏಳುವುದು ಸುಳ್ಳೇ? ಸುಳ್ಳಲ್ಲ. ಏಳುತ್ತದೆ, ನಾನು ಬಲ್ಲೆ, ಏಕೆಂದರೆ ನನ್ನ ಕೈಯಲ್ಲಿಯೇ ಎದ್ದಿತು. ಮೂರನೆಯ ಬಾವಿಗೆ ಪಾಯಿಂಟು ಮಾಡಿದ ದಿನ ಅವರು ಹೊಂಗೆಯ ಮರದ ಹತ್ತಿರ ನಿಂತು ಕಾಯಿ ನಿಲ್ಲಿಸಿ ಗೂಟ ಹೊಡೆಸಿದರು. ನಾನು ಹುಡುಗಾಟಕ್ಕೆ ಕಾಯಿಯನ್ನು ಇಸಿದುಕೊಂಡು, ಅವರು ಹೇಳಿದಂತೆ ಜುಟ್ಟು ಮುಂದೆ ಮಾಡಿ ಅಂಗೈಯಲ್ಲಿ ಮಲಗಿಸಿಕೊಂಡು ಬದುವಿನಿಂದ ನಡೆದು ಬಂದೆ. ಗೂಟದ ಹತ್ತಿರ ಬರುತ್ತ ಕಾಯಿ ಮಿಸುಕಿತು. ಗೂಟದ ಮೇಲೆ ನೆಟ್ಟಗೆ ನಿಂತಿತು. ಮೈ ಜುಮ್ಮೆಂದಿತು ಎಂದರೆ ಸುಳ್ಳಾಗದು. ನಾನು ಏನೂ ಮಾಡಲಿಲ್ಲವೆಂದು ಪ್ರಮಾಣಮಾಡಿ ಹೇಳುತ್ತಿದ್ದೆ. ನನ್ನ ರಕ್ತ ಬಿ ಗುಂಪಿನದು. ತಾಯಿ ಹೇಳುವಂತೆ ನಾನು ಎಲ್ಲರ ಹಾಗೆ ತಲೆ ಮುಂದಾಗಿಯೇ ಹುಟ್ಟಿದವನು. ಕಾಲಿನಲ್ಲಿ ಚಪ್ಪಲಿ ಇತ್ತು.

ಆಮೇಲೆ ನನ್ನ ಕಣ್ಣಿಗೆ ಟವೆಲು ಕಟ್ಟಿ, ಮೂರು ಸುತ್ತು ತಿರುಗಿಸಿ ಬಿಡು ಎಂದು ತಮ್ಮನಿಗೆ ಹೇಳಿದೆ. ಕಾಯಿ ಮೂರು ಕಡೆ ಎದ್ದಿತು. ಮೂರೂ ಗೂಟದಿಂದ ದೂರ. ನೀರು ನೋಡುವವರನ್ನೂ ಕೇಳಿಕೊಂಡೆ. ಅವರು ನಗುತ್ತಲೇ ಒಪ್ಪಿದರು. ಅವರ ಕಾಯಿ ಐದು ಕಡೆ ಎದ್ದಿತು. ಅದರಲ್ಲಿ ಒಂದು ಬದುವಿನ ಕಲ್ಲುಗುಡ್ಡೆಯ ಮೇಲೆ. ಕಣ್ಣು ಕಟ್ಟಿದರೆ ಮೈಯ ಕಾವು ಹೊರಕ್ಕೆ ಹೋಗದು, ಅದರಿಂದ ಹಾಗಾಗುತ್ತದೆ ಎಂದರು. ತಮ್ಮ ನನ್ನ ಕಡೆ ನೋಡಿದ; ನಾನು ಸುಮ್ಮನಾದೆ. ಆ ದಿನ ನಾನು ಸುಮ್ಮನಾಗಬಾರದಾಗಿತ್ತು. 'ಅಣ್ಣ ಪಟ್ಟಣದವನು, ತಮಾಷೆ ನೋಡುತ್ತಾನೆ' ಎಂದು ಜನ ಅಂದಾರು ಎಂಬ ಸಂಕೋಚಕ್ಕೆ ಸುಮ್ಮನಾದೆ. ಗೂಟ ಇದ್ದಲ್ಲಿಯೇ ಲಾರಿ ನಿಂತಿತು.

ಕಾಯಿ ಏಳುವುದರ ಗುಟ್ಟು ಬಹಳ ಹಳೆಯದು. ಷೆವ್ರೆಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ದಾರಕ್ಕೆ ಕಟ್ಟಿದ ಗುಂಡು ಪಾದರಸದ ಮೇಲೆ ತಾನಾಗಿ ತೂಗುವುದನ್ನು ಪರೀಕ್ಷಿಸಿದರು. ತೋಳಿಗೆ ಆಸರೆ ಕೊಟ್ಟಷ್ಟೂ ತೂಗಾಟ ಕಡಿಮೆಯಾಯಿತು. ಕಣ್ಣು ಕಟ್ಟಿದರೆ ನಿಂತೇ ಹೋಯಿತು. 1833ರಲ್ಲಿ ಇದನ್ನು ಅವರು ಆಂಪೇರ್ ಅವರಿಗೆ ಬರೆದ ಪತ್ರದಲ್ಲಿ ಪ್ರಕಟಿಸಿದರು. 1852ರಲ್ಲಿ ಇಂಗ್ಲೆಂಡಿನ ಕಾರ್ಪೆಂಟರ್, ಮನಸ್ಸು ನಿರೀಕ್ಷಿಸುವುದನ್ನು ಸ್ನಾಯುಗಳು ನಮ್ಮ ಅಪ್ಪಣೆ ಕೇಳದೆ ಮಾಡಿಬಿಡುತ್ತವೆ ಎಂದು ಇದಕ್ಕೆ ಶಾಸ್ತ್ರದ ರೂಪ ಕೊಟ್ಟರು. ಬೇವಿನ ಕವಲನ್ನು ಬಗ್ಗಿಸಿ ಬಿಗಿಹಿಡಿದಾಗ, ಕಾಯಿಯನ್ನು ಅಂಗೈಯಲ್ಲಿ ಮಲಗಿಸಿದಾಗ, ಅವು ಬೀಳಲು ಕಾದು ನಿಂತಿರುತ್ತವೆ. ಮಣಿಕಟ್ಟು ಎಳ್ಳಷ್ಟು ಹೊರಳಿದರೆ ಸಾಕು. ಹೊರಳಿಸಿದವನಿಗೇ ಅದು ತಿಳಿಯುವುದಿಲ್ಲ. ಇದರಲ್ಲಿ ಮೋಸವಿಲ್ಲವೆಂಬುದೇ ಇದರ ಅಪಾಯ; ಮೋಸಗಾರನನ್ನಾದರೆ ಹಿಡಿಯಬಹುದು.

ನಮ್ಮ ವಿದ್ವಾಂಸರು ಜರ್ಮನಿಯ ಪ್ರಯೋಗವೊಂದನ್ನು ಹೆಸರಿಸಿ, ಅಲ್ಲಿಯ ಭೌತವಿಜ್ಞಾನಿಗಳೇ ಒಪ್ಪಿದ್ದಾರೆ ಎಂದರು. ಅದನ್ನು ಪೂರ್ತಿ ಹೇಳಲಿಲ್ಲ. 1987-88ರಲ್ಲಿ ಮ್ಯೂನಿಕ್ಕಿನ ಬಳಿ ಒಂದು ಕಣಜದ ನೆಲ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಗಾಡಿಯ ಮೇಲಿಟ್ಟು ಬೇಕಾದಲ್ಲಿಗೆ ಸರಿಸುತ್ತಿದ್ದರು. ಮೇಲಂತಸ್ತಿನಲ್ಲಿ 10 ಮೀಟರ್ ಗೆರೆಯ ಉದ್ದಕ್ಕೂ ನಡೆದು ಅದು ಎಲ್ಲಿದೆಯೆಂದು ಹೇಳಬೇಕು. ಸುಮಾರು 500 ಮಂದಿಯಿಂದ ಆರಿಸಿದ 43 ಜನ, 843 ಪರೀಕ್ಷೆ. ಬಹುಮಂದಿಗೆ ಏನೂ ಶಕ್ತಿಯಿಲ್ಲ, ಕೆಲವರಿಗೆ ಮಾತ್ರ ನಿಶ್ಚಯವಾಗಿ ಉಂಟು ಎಂದು ನಡೆಸಿದವರು ಬರೆದರು. 1999ರಲ್ಲಿ ಅಮೆರಿಕದ ಎನ್ರೈಟ್ ಅದೇ ಅಂಕಿಗಳನ್ನು ಮತ್ತೆ ಕೂಡಿ ನೋಡಿದರು. ಆ 'ಕೆಲವರು' ಒಂದು ಸಾರಿ ಗೆದ್ದರೆ ಇನ್ನೊಂದು ಸಾರಿ ಸೋತಿದ್ದರು. ಎಲ್ಲರಿಗಿಂತ ಮೇಲೆನಿಸಿದವರಿಗೂ, ಕಣ್ಣು ಮುಚ್ಚಿಕೊಂಡು ಪ್ರತಿಸಲವೂ ಗೆರೆಯ ನಟ್ಟನಡುವನ್ನೇ ತೋರಿಸುವವನಿಗೂ ಅಂತರ ಸರಾಸರಿ ಕೆಲವೇ ಮಿಲಿಮೀಟರು. ನಮ್ಮ ಹೊಲದಲ್ಲಿ ಅಷ್ಟು ಅಂತರವನ್ನು ಒಂದು ಇರುವೆ ಕೂಡ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಇಷ್ಟು ಹೇಳಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ; ಅದನ್ನು ತಮ್ಮನೇ ಕೇಳಿದ. 'ಹಿಂದೆ ಇವರ ಅಪ್ಪ ತೋರಿಸಿದ ಕಡೆಯೆಲ್ಲ ನೀರು ಬಂತಲ್ಲ, ಅದು ಹೇಗೆ?' ಬಂತು, ನಿಜ. ನಮ್ಮ ಸೀಮೆಯ ನೆಲದಡಿಯಲ್ಲಿ ಮೊದಲು ಶಿಥಿಲವಾದ ಕಲ್ಲು, ಮಣ್ಣು. ಅದರ ಕೆಳಗೆ ಗಟ್ಟಿ ಬಂಡೆ. ಮೇಲಿನ ಸಡಿಲ ಪದರ ನೀರು ಹೀರಿದ ಬಟ್ಟೆಯ ಹಾಗೆ ಇದ್ದ ಕಾಲದಲ್ಲಿ ಎಲ್ಲಿ ತೋಡಿದರೂ ನಲವತ್ತು ಐವತ್ತು ಅಡಿಗೆ ನೀರು ಕಾಣುತ್ತಿತ್ತು. ಗೂಟವನ್ನು ಮಗು ನೆಟ್ಟಿದ್ದರೂ ಬಾವಿ ತುಂಬುತ್ತಿತ್ತು. ಆ ಪದರ ಒಣಗಿದ ಮೇಲೆ ನೀರು ಉಳಿದದ್ದು ಬಂಡೆಯ ಬಿರುಕುಗಳಲ್ಲಿ. ಬಿರುಕು ಸಿಕ್ಕಿದರೆ ಉಂಟು, ಸಿಕ್ಕದಿದ್ದರೆ ಇಲ್ಲ. (ನೀರು ನರಗಳಲ್ಲಿ ಹರಿಯುತ್ತದೆ ಎಂಬ ಹಳ್ಳಿಯ ಮಾತು ಈ ಬಂಡೆಯ ಮಟ್ಟಿಗೆ ಅರ್ಧ ನಿಜವೇ, ನರ ಎಲ್ಲಿದೆಯೆಂದು ಕಾಯಿಗೆ ತಿಳಿಯದು ಅಷ್ಟೆ.) ಅಪ್ಪನಿಗೂ ಮಗನಿಗೂ ನಡುವೆ ಬದಲಾದದ್ದು ರಕ್ತವಲ್ಲ, ನೀರಿನ ಮಟ್ಟ.

ಇದಕ್ಕೆ ಸಾಕ್ಷಿ ಬೇಕಾದವರು ಕೋಲಾರದ ಕಡೆಗೇ ನೋಡಬಹುದು. ನದಿಯಿಲ್ಲದ ಜಿಲ್ಲೆಗೆ ಹಿರಿಯರು ಎರಡು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿಕೊಟ್ಟಿದ್ದರು. ನಾವು ಅವುಗಳಲ್ಲಿ ಹೂಳು ತುಂಬಗೊಟ್ಟೆವು, ಕಾಲುವೆಗಳನ್ನು ಒತ್ತಿದೆವು, ದಿಣ್ಣೆಯ ಮೇಲೆಲ್ಲ ನೀಲಗಿರಿ ಬೆಳೆಸಿದೆವು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಆ ನೀರಿನ ಶುದ್ಧಿಯ ಮೇಲೆ ನನಗೂ ದೂರುಗಳಿವೆ. ಅದು ಬೇರೆ ಲೇಖನ. ಆದರೆ ತುಂಬಿದ ಕೆರೆಗಳ ಆಸುಪಾಸಿನಲ್ಲಿ ಬತ್ತಿದ್ದ ಕೊಳವೆ ಬಾವಿಗಳು ಮತ್ತೆ ನೀರೆತ್ತಿದವು. ಅಲ್ಲಿ ಈಗ ಯಾರು ಗೂಟ ಹೊಡೆದರೂ ಅವರಿಗೆ ಕೈಗುಣ ಬಂದಂತೆ ಕಾಣುತ್ತದೆ. ರಕ್ತದ ಗುಂಪು ಬದಲಾಯಿತೇ? ಮೊಬೈಲಿನ ಗೋಪುರಗಳನ್ನು ಕಿತ್ತರೇ?

ಪರಿಸರಕ್ಕೂ ಈ ಶಕ್ತಿಗೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಹಳ ಗಾಢವಾದ ಸಂಬಂಧ ಉಂಟು; ನಮ್ಮ ವಿದ್ವಾಂಸರು ಹೇಳಿದ್ದಕ್ಕೆ ತಲೆಕೆಳಗಾಗಿ. 1959ರಲ್ಲಿ ವೋಗ್ಟ್ ಎಂಬ ಮಾನವಶಾಸ್ತ್ರಜ್ಞರೂ ಹೈಮನ್ ಎಂಬ ಮನಶ್ಶಾಸ್ತ್ರಜ್ಞರೂ ಅಮೆರಿಕದ ನೀರು ನೋಡುವವರನ್ನು ಕುರಿತು ಒಂದು ಪುಸ್ತಕ ಬರೆದರು. ಅವರಿಗೆ ಕಂಡದ್ದು ಇದು: ಅಂತರ್ಜಲ ಎಲ್ಲಿ ಸುಲಭವಾಗಿ ಸಿಕ್ಕುತ್ತದೆಯೋ ಅಲ್ಲಿ ಇಂಥವರು ವಿರಳ, ಎಲ್ಲಿ ಅದು ಅನಿಶ್ಚಿತವೋ, ಬಾವಿ ತೆಗೆಸುವುದು ಜೂಜೋ, ಅಲ್ಲಿ ಅವರ ಸಂಖ್ಯೆ ಹೆಚ್ಚು. ಬರವೇ ಅವರನ್ನು ಹುಟ್ಟಿಸುತ್ತದೆ. ನಮ್ಮಲ್ಲಿ ಬೇರೆಯಾದೀತೇ? ತುಂಬಿ ಹರಿಯುವ ಹೊಳೆಯ ದಂಡೆಯಲ್ಲಿ ಅಂಗೈಯಲ್ಲಿ ಕಾಯಿ ಹಿಡಿದು ನಡೆಯುವವನನ್ನು ಯಾರಾದರೂ ಕಂಡಿದ್ದಾರೆಯೇ? ನನ್ನ ಬಾಲ್ಯದಲ್ಲಿ ನಮ್ಮ ಹೋಬಳಿಗೆಲ್ಲ ಒಬ್ಬರಿದ್ದ ನೆನಪು. ಈಗ ನಮ್ಮ ಹಳ್ಳಿಯೊಂದರಲ್ಲೇ ನಾಲ್ವರು. ಶಕ್ತಿ ಕುಗ್ಗುತ್ತಿದೆ ಎನ್ನುವವರು ಶಕ್ತಿವಂತರ ತಲೆ ಎಣಿಸಲಿ.

ಇದೆಲ್ಲ ಪರದೇಶದ ಮಾತು, ನಮ್ಮ ಸಂಸ್ಕಾರಕ್ಕೆ ಹೊಂದದು ಎಂಬ ಆಕ್ಷೇಪಣೆಯನ್ನೂ ನಾನು ಸಭೆಯಲ್ಲಿ ಕೇಳಿದೆ. ನಮ್ಮ ಸಂಸ್ಕಾರ ಏನು ಹೇಳುತ್ತದೆ? ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರಿಗಾಗಿ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅಲ್ಲಿ ನೋಡಹೇಳುವುದು ಮರವನ್ನು, ಹುತ್ತವನ್ನು, ಮಣ್ಣಿನ ಬಣ್ಣವನ್ನು, ಕಪ್ಪೆಯನ್ನು, ಕಲ್ಲನ್ನು. ಅವನ ಗುರುತುಗಳೆಲ್ಲ ಸರಿಯೆಂದು ನಾನು ಹೇಳಲಾರೆ. ನಮ್ಮ ಸಾವಿರ ಅಡಿಯ ಆಳಕ್ಕೆ ಹುತ್ತ ಏನು ಹೇಳೀತು? ಆದರೆ ಅವನ ಕಣ್ಣು ನೆಲದ ಮೇಲಿದೆ, ನೋಡುವವನ ಜನ್ಮದ ಮೇಲಲ್ಲ. ಅವನ ಗುರುತನ್ನು ಯಾರು ಬೇಕಾದರೂ ಹೋಗಿ ನೋಡಬಹುದು, ತಪ್ಪಿದ್ದರೆ ತಪ್ಪೆನ್ನಬಹುದು. ನಮ್ಮ ನೆರೆಯ ಚಿನ್ನದ ಗಣಿಯವರೂ ಹೀಗೆಯೇ ಮಾಡಿದರು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂದಾಗ ಅವರಿಗೆ ದಾರಿ ತೋರಿಸಿದ್ದು ಪ್ರಾಚೀನರು ಅಗೆದು ಬಿಟ್ಟಿದ್ದ ಗುಂಡಿಗಳು.

ನಮ್ಮ ಹಳೆಯ ಕೋಲಾರ ಜಿಲ್ಲೆಯವರೇ ಆದ, ಗೌರಿಬಿದನೂರು ಸೀಮೆಯ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಪಾಂಡವಪುರದ ಬಾಲಕನೊಬ್ಬನ ವಿಭೂತಿಯ ಪವಾಡ ಆ ಸಮಿತಿಯ ಎದುರಿನಲ್ಲಿ ಉಳಿಯಲಿಲ್ಲ. ದೊಡ್ಡ ಪವಾಡಗಳು ಪರೀಕ್ಷೆಗೆ ಬರಲೇ ಇಲ್ಲ. ವಿಭೂತಿಯಿಂದ ಯಾರ ಮನೆಯೂ ಹರಾಜಿಗೆ ಬಂದದ್ದನ್ನು ನಾನು ಕಾಣೆ. ಕೊಳವೆ ಬಾವಿಯಿಂದ ಬಂದದ್ದನ್ನು ಕಂಡಿದ್ದೇನೆ. ಆದರೂ ವಿಭೂತಿಯ ಮೇಲೆ ನಮಗಿರುವ ಸಂದೇಹ ಬೇವಿನ ಕಡ್ಡಿಯ ಮೇಲೆ ಇಲ್ಲ. ಅದು ಬಡವರ ಪವಾಡ, ಮುಗ್ಧವಾದದ್ದು ಎಂದು ಪಟ್ಟಣದವರು ಮೃದುವಾಗುತ್ತಾರೆ.

ಯಂತ್ರ ಹಿಡಿದು ಬರುವ ಭೂವಿಜ್ಞಾನಿಗಳು ತಪ್ಪುವುದಿಲ್ಲವೇ ಎಂದು ಕೇಳಬಹುದು. ತಪ್ಪುತ್ತಾರೆ. ನೆಲದ ವಿದ್ಯುತ್ ರೋಧವನ್ನು ಅಳೆದು ಸಡಿಲ ಪದರ ಎಷ್ಟು ದಪ್ಪ, ಬಂಡೆ ಎಲ್ಲಿಂದ ಎಂದು ಅಂದಾಜು ಹೇಳಬಹುದೇ ಹೊರತು, ಸಾವಿರ ಅಡಿಯ ಕೆಳಗಿನ ಕೂದಲೆಳೆಯ ಬಿರುಕನ್ನು ಅವರೂ ಕಾಣಲಾರರು. ಆದರೆ ಅವರಲ್ಲಿ ಒಬ್ಬರು ತಮ್ಮನಿಗೆ ಹೇಳಿದ ಮಾತನ್ನು ಯಾವ ಕಾಯಿಯೂ ಹೇಳಲಿಲ್ಲ: 'ಈ ಹೊಲದಲ್ಲಿ ಕೊರೆಸಬೇಡಿ.' ಕಾಯಿ ಎಲ್ಲಾದರೂ ಒಂದು ಕಡೆ ಏಳಲೇಬೇಕು. ಏಳದ ಕಾಯಿಗೆ ದಕ್ಷಿಣೆ ಕೊಡುವವರು ಯಾರು? ಆಳಕ್ಕೆ ಹೋಗಿ ನೀರು ಬಂದರೂ ಸುಖವಿಲ್ಲ. ನಮ್ಮ ಕಡೆಯ ಆಳದ ನೀರಿನಲ್ಲಿ ಫ್ಲೋರೈಡು, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಎಷ್ಟೋ ಬಾವಿಗಳು ದಾಟಿವೆ. ಮಕ್ಕಳ ಹಲ್ಲಿನ ಮೇಲಿನ ಕಂದು ಗೀಟನ್ನು ನೋಡಲು ಯಾವ ದಿವ್ಯದೃಷ್ಟಿಯೂ ಬೇಡ.

ನಮ್ಮ ವಿದ್ವಾಂಸರಿಗೆ ನಿಜವಾಗಿ ಕುತೂಹಲವಿದ್ದರೆ ಒಂದು ಕೆಲಸ ಮಾಡಬಹುದು. ಅದಕ್ಕೆ ಪ್ರಯೋಗಶಾಲೆ ಬೇಡ, ನಲವತ್ತು ರೂಪಾಯಿಯ ನೋಟುಪುಸ್ತಕ ಸಾಕು. ನಾನು ಒಂದನ್ನು ಕೊಂಡು ಊರಿನ ಹಿಟ್ಟಿನ ಗಿರಣಿಯಲ್ಲಿ ಇಟ್ಟಿದ್ದೇನೆ. ಲಾರಿ ಬರುವುದಕ್ಕೆ ಮೊದಲು ಬರೆಯಬೇಕೆಂಬುದೊಂದೇ ನಿಯಮ; ಆಮೇಲೆ ಬರೆದರೆ ನೆನಪು ಗೆದ್ದವರ ಪಕ್ಷ ವಹಿಸುತ್ತದೆ. ಪಾಯಿಂಟು ಮಾಡಿದ್ದು ಹೇಗೆ: ಕಾಯಿಯೋ, ಕಡ್ಡಿಯೋ, ಯಂತ್ರವೋ, ಸುಮ್ಮನೆ ಮನೆಗೆ ಹತ್ತಿರವೆಂದೋ. ಎಷ್ಟು ಅಡಿಗೆ ಎಷ್ಟು ಇಂಚು ಎಂದರು, ಎಷ್ಟು ಬಂತು, ಎಷ್ಟು ತಿಂಗಳು ನಿಂತಿತು. ಮೊದಲು ಯಾರೂ ಬರೆಯಲಿಲ್ಲ. ಬರೆದರೆ ಕೈಗುಣ ಹೋಗುತ್ತದೆ ಎಂದು ಒಂದು ಮಾತು ಹುಟ್ಟಿತು. ನಮ್ಮ ವಿದ್ವಾಂಸರ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬಹುದು. ಆದರೆ ಗಿರಣಿಯವರು ಹಟಮಾರಿ, ಹಿಟ್ಟಿಗೆ ಬಂದವರನ್ನೆಲ್ಲ ಕೇಳಿ ಕೇಳಿ ಬರೆಸಿದ್ದಾರೆ. ಇದುವರೆಗೆ ಹನ್ನೊಂದು ಬಾವಿ. ಹನ್ನೊಂದರಿಂದ ಏನೂ ತೀರ್ಮಾನವಾಗದೆಂದು ನಾನೇ ಹೇಳುತ್ತೇನೆ, ನೂರಾಗಲಿ. ಹನ್ನೊಂದರಲ್ಲಿ ಒಂದು ನನ್ನ ತಮ್ಮನ ಮೂರನೆಯ ಬಾವಿ; ಅದನ್ನು ಕೊರೆದ ಮೇಲೆ ಬರೆದದ್ದರಿಂದ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಬರೆದಿದ್ದಾರೆ. ಕಾರಣ ಎಂಬ ಕಡೆಯ ಅಂಕಣದಲ್ಲಿ ಯಾರೋ 'ಮುಟ್ಟು' ಎಂದು ಬರೆದಿದ್ದರು. ಮೊನ್ನೆ ಊರಿಗೆ ಹೋದಾಗ ನೋಡಿದೆ: ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನೀರು ಇರಲಿಲ್ಲ' ಎಂದು ಬರೆದಿದೆ. ಅಕ್ಷರ ನನ್ನ ತಮ್ಮನ ಹೆಂಡತಿಯದು.